ಗ್ರಂಥಾಲಯದಲ್ಲಿ ಉಚಿತ ತರಗತಿ ನಡೆಸುವ ಬಗೆ: ಮೊದಲ ಅರ್ಜಿಯಿಂದ ಆರನೆಯ ತಿಂಗಳಿನವರೆಗೆ

ಮನೆಯ ಕರ ಕಟ್ಟಿದ ರಶೀದಿಯನ್ನು ಒಮ್ಮೆ ತೆಗೆದು ನೋಡಿರಿ. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಸಾಲೊಂದು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೇ ವಸೂಲು ಮಾಡುವ ಈ ಕರ, ತೆರಿಗೆಯ ಮೊತ್ತದ ಮೇಲೆ ಶೇಕಡಾ 6ರಷ್ಟಿದೆ. ಪುಸ್ತಕ ಮುಟ್ಟದವರೂ ಇದನ್ನು ಕಟ್ಟುತ್ತಾರೆ. ಹೀಗಿರುವಾಗ ಗ್ರಂಥಾಲಯದಲ್ಲಿ ಮಕ್ಕಳಿಗೊಂದು ಓದಿನ ತರಗತಿಯನ್ನೋ, ಹೆಣ್ಣುಮಕ್ಕಳಿಗೆ ಮೊಬೈಲ್ ಬಳಕೆಯ ತರಗತಿಯನ್ನೋ ನಡೆಸಲು ಜಾಗ ಕೇಳುವವರು ಯಾರ ಉಪಕಾರವನ್ನೂ ಬೇಡುತ್ತಿಲ್ಲ. ಊರಿನವರು ಈಗಾಗಲೇ ಹಣ ಕೊಟ್ಟಿರುವ ಜಾಗವನ್ನು ಊರಿನವರಿಗಾಗಿಯೇ ಬಳಸುತ್ತಿದ್ದಾರೆ. ಈ ಮಾತು ಮನಸ್ಸಿನಲ್ಲಿದ್ದರೆ ಕಚೇರಿಯ ಮೆಟ್ಟಿಲು ಹತ್ತುವಾಗ ಧ್ವನಿ ತಾನಾಗಿಯೇ ಸರಿಯಾದ ಮಟ್ಟದಲ್ಲಿರುತ್ತದೆ, ಅತಿ ವಿನಯವೂ ಇಲ್ಲ, ಜಗಳವೂ ಇಲ್ಲ.

ನಾನು ಮೊದಲು ಹುಬ್ಬಳ್ಳಿಯ ಒಂದು ಶಾಖಾ ಗ್ರಂಥಾಲಯದಲ್ಲಿ, ಅನಂತರ ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಂಥ ತರಗತಿಗಳನ್ನು ನಡೆಸಿದ್ದೇನೆ. ಕೆಲವು ಉಳಿದವು, ಕೆಲವು ಮೂರನೆಯ ವಾರಕ್ಕೇ ನಿಂತುಹೋದವು. ನಿಂತುಹೋದವುಗಳಿಂದಲೇ ನಾನು ಹೆಚ್ಚು ಕಲಿತಿರುವುದರಿಂದ ಕೆಳಗಿನ ಹಂತಗಳಲ್ಲಿ ಅವುಗಳ ನೆರಳು ಕಾಣಿಸುತ್ತದೆ.

ಒಂದನೆಯ ಹಂತ: ಗ್ರಂಥಾಲಯ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳುವುದು

ಎಲ್ಲ ಸರಕಾರಿ ಗ್ರಂಥಾಲಯಗಳೂ ಒಂದೇ ಇಲಾಖೆಯವು ಎಂಬ ಭಾವನೆ ನಮ್ಮಲ್ಲಿ ಬಹಳ ಜನರಿಗಿದೆ. ಅದರಿಂದಲೇ ಅರ್ಜಿಗಳು ತಪ್ಪು ಕಚೇರಿಗೆ ಹೋಗಿ ಅಲ್ಲಿಯೇ ಉಳಿಯುತ್ತವೆ. ಹುಬ್ಬಳ್ಳಿ-ಧಾರವಾಡದ ನಗರ ಕೇಂದ್ರ ಗ್ರಂಥಾಲಯ ಮತ್ತು ಅದರ ಬಡಾವಣೆ ಶಾಖೆಗಳು, ಗದಗ ಮತ್ತು ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿವೆ. ಹಳ್ಳಿಯ ಗ್ರಂಥಾಲಯಗಳು ಹಾಗಲ್ಲ. ಅವುಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಇಂದು ಬಹುತೇಕ ಫಲಕಗಳ ಮೇಲೆ ಕಾಣುವ ‘ಅರಿವು ಕೇಂದ್ರ’ ಎಂಬ ಹೆಸರು ಆ ನಂತರದ್ದು. ಆದ್ದರಿಂದ ನಗರದಲ್ಲಿ ನಿಮ್ಮ ಅರ್ಜಿ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರಿಗೆ ಹೋಗಬೇಕು, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಎಲ್ಲರೂ ಪಿಡಿಒ ಎಂದು ಕರೆಯುವವರಿಗೆ ಹೋಗಬೇಕು.

ಅರ್ಜಿ ಎಲ್ಲಿಗೇ ಹೋಗಲಿ, ಮೊದಲು ಮಾತಾಡಬೇಕಾದವರು ಮೇಲ್ವಿಚಾರಕರು. ಬಾಗಿಲು ತೆರೆಯುವವರು ಅವರು, ಕಸ ಗುಡಿಸುವವರು ಬಹುತೇಕ ಕಡೆ ಅವರೇ, ಪುಸ್ತಕ ಕಳೆದರೆ ಉತ್ತರ ಕೊಡಬೇಕಾದವರೂ ಅವರೇ. ಅವರನ್ನು ದಾಟಿ ಮೇಲಿನವರಿಂದ ಅನುಮತಿ ತಂದರೆ ಕೈಯಲ್ಲಿ ಪತ್ರ ಇರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ.

ಎರಡನೆಯ ಹಂತ: ಎರಡು ವಾರ ಸುಮ್ಮನೆ ಕುಳಿತು ನೋಡುವುದು

ಏನು ಕಲಿಸಬೇಕೆಂದು ಮನೆಯಲ್ಲಿ ಕುಳಿತು ನಿರ್ಧರಿಸಬೇಡಿರಿ. ಒಂದು ಚಿಕ್ಕ ನೋಟುಪುಸ್ತಕ ಹಿಡಿದು, ದಿನಕ್ಕೊಂದು ಬೇರೆ ಹೊತ್ತಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಕುಳಿತುಕೊಳ್ಳಿರಿ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನನ್ನು ಓದಿದರು, ಬಾಗಿಲವರೆಗೆ ಬಂದು ಒಳಗೆ ಕಾಲಿಡದೆ ಹೋದವರು ಯಾರು ಎಂಬುದನ್ನು ಬರೆದುಕೊಳ್ಳಿರಿ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಪತ್ರಿಕೆಗಾಗಿ ಹಿರಿಯ ಗಂಡಸರು ಬರುತ್ತಿದ್ದರು, ಶಾಲೆ ಬಿಟ್ಟ ಮೇಲೆ ಹುಡುಗರು ಬರುತ್ತಿದ್ದರು. ಹುಡುಗಿಯರು ತಮ್ಮಂದಿರನ್ನು ಕರೆದೊಯ್ಯಲು ಮಾತ್ರ ಬಂದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದರು. ಮನೆಯ ಹೆಣ್ಣುಮಕ್ಕಳಂತೂ ಒಬ್ಬರೂ ಇರಲಿಲ್ಲ. ನೋಟುಪುಸ್ತಕದ ಆ ಖಾಲಿ ಸಾಲುಗಳೇ ನಾವು ಯಾರಿಗಾಗಿ ತರಗತಿ ಮಾಡಬೇಕೆಂಬುದನ್ನು ತೀರ್ಮಾನಿಸಿದವು.

ಧಾರವಾಡದ ಸ್ಥಿತಿ ಬೇರೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಾಗಿಲು ತೆರೆಯುವ ಮುನ್ನವೇ ಚೀಲ ಇಟ್ಟು ಸಾಲು ಹಿಡಿಯುತ್ತಾರೆ. ಬೇರೆ ಜಿಲ್ಲೆಗಳಿಂದ ಬಂದು ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದು, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯಿಂದ ಹಿಡಿದು ಕೆಎಎಸ್‌ವರೆಗೆ ತಯಾರಿ ನಡೆಸುವ ಈ ಮಕ್ಕಳಿಗೆ ಗ್ರಂಥಾಲಯದ ಒಂದು ಕುರ್ಚಿ ಎಂದರೆ ತಿಂಗಳ ಸ್ಟಡಿ ರೂಮ್ ಬಾಡಿಗೆ ಉಳಿದಂತೆ. ಅಲ್ಲಿಗೆ ನೀವು ಇಪ್ಪತ್ತು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಿ ಕತೆ ಹೇಳತೊಡಗಿದರೆ ಮೊದಲ ದೂರು ಓದುಗರಿಂದಲೇ ಬರುತ್ತದೆ, ಮತ್ತು ಆ ದೂರು ನ್ಯಾಯವಾದದ್ದೇ. ಬೇರೆ ಕೋಣೆ, ಜಗಲಿ, ಮಹಡಿ, ಅಥವಾ ಓದುವ ಕೋಣೆ ಖಾಲಿ ಇರುವ ಒಂದು ತಾಸು, ಇವುಗಳಲ್ಲಿ ಒಂದಾದರೂ ಸಿಗದಿದ್ದರೆ ಬೇರೆ ಶಾಖೆ ನೋಡುವುದು ಒಳ್ಳೆಯದು.

ರಜೆಯ ದಿನವನ್ನೂ ಇದೇ ಸಮಯದಲ್ಲಿ ವಿಚಾರಿಸಿಕೊಳ್ಳಿರಿ. ಸಾರ್ವಜನಿಕ ಗ್ರಂಥಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ವಾರದ ರಜೆ. ಭಾನುವಾರ ತೆರೆದಿರುತ್ತವೆ, ಅದು ನಮಗೆ ಅನುಕೂಲ. ಸಂತೆಯ ದಿನ ತರಗತಿ ಇಡಬೇಡಿರಿ.

ಮೂರನೆಯ ಹಂತ: ಒಂದೇ ಒಂದು ತರಗತಿಯನ್ನು ಆರಿಸುವುದು

ಊರಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಬೇಡಿಕೆ ಮುಂದಿಡುತ್ತಾರೆ, ಮತ್ತು ಅವುಗಳಲ್ಲಿ ಮೊದಲನೆಯದು ಯಾವಾಗಲೂ ‘ಸ್ಪೋಕನ್ ಇಂಗ್ಲಿಷ್’ ಆಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಆರಂಭಿಸಬಾರದು. ಅದು ತಿಂಗಳುಗಟ್ಟಲೆ ಅಭ್ಯಾಸ ಬೇಡುತ್ತದೆ, ಕಲಿಸುವವರಿಗೂ ತರಬೇತಿ ಬೇಕು, ಮೂರು ವಾರದಲ್ಲಿ ಯಾರಿಗೂ ಯಾವ ಬದಲಾವಣೆಯೂ ಕಾಣುವುದಿಲ್ಲವಾದ್ದರಿಂದ ಹಾಜರಿ ಕುಸಿಯುತ್ತದೆ. ಶಾಲೆಯ ಪಾಠವನ್ನೇ ಮತ್ತೆ ಹೇಳುವ ಟ್ಯೂಷನ್ ಕೂಡ ಬೇಡ. ಗ್ರಂಥಾಲಯದ ತರಗತಿ ಮುಗಿದ ಮೇಲೆ ಬಂದವರ ಕೈ ಕಪಾಟಿನ ಕಡೆಗೆ ಹೋಗಬೇಕು. ಯಾವ ತರಗತಿ ಹಾಗೆ ಮಾಡಿಸುವುದಿಲ್ಲವೋ ಅದನ್ನು ಸಮುದಾಯ ಭವನದಲ್ಲಿಯೂ ನಡೆಸಬಹುದು, ಗ್ರಂಥಾಲಯವೇ ಬೇಕೆಂದಿಲ್ಲ.

ಆರಂಭಕ್ಕೆ ನಾನು ಎರಡನ್ನು ಮಾತ್ರ ಸೂಚಿಸುತ್ತೇನೆ: ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ತರಗತಿ, ಅಥವಾ ದೊಡ್ಡವರಿಗೆ ಮೊಬೈಲ್ ತರಗತಿ. ಇವೆರಡರಲ್ಲಿ ಒಂದು ಗಟ್ಟಿಯಾಗಿ ನಿಂತ ಮೇಲೆ ಉಳಿದದ್ದನ್ನು ಸೇರಿಸಬಹುದು. ಆ ಉಳಿದದ್ದಕ್ಕೆ ನೀವೇ ಪಂಡಿತರಾಗಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದರೆ ಕಾನೂನು ಅರಿವಿನ ಕಾರ್ಯಕ್ರಮಕ್ಕೆ ವಕೀಲರನ್ನು ಕಳಿಸುತ್ತಾರೆ. ಬೆಳೆ, ಮಣ್ಣು, ಕೀಟದ ವಿಷಯಕ್ಕೆ ಕೃಷಿ ವಿಜ್ಞಾನ ಕೇಂದ್ರಗಳಿವೆ: ಧಾರವಾಡದವರಿಗೆ ಸೈದಾಪುರ, ಗದಗದವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಸ್ವಂತ ಉದ್ಯೋಗದ ತರಬೇತಿಯ ಮಾಹಿತಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯಿದೆ. ಇಂಥ ಅತಿಥಿಗಳನ್ನು ತಿಂಗಳಿಗೆ ಒಬ್ಬರಂತೆ ಕರೆದರೆ ಸಾಕು. ಅವರು ಬರುವ ಮುನ್ನಾದಿನ ಆ ವಿಷಯದ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರಡುವುದನ್ನು ಮರೆಯಬಾರದು.

ನಾಲ್ಕನೆಯ ಹಂತ: ಅರ್ಜಿ

ಅರ್ಜಿ ಒಂದು ಪುಟ ಮೀರಬಾರದು. ಸಮಾಜಸೇವೆಯ ಮಹತ್ವವನ್ನು ಅದರಲ್ಲಿ ಬಣ್ಣಿಸಬೇಕಾಗಿಲ್ಲ. ಅಧಿಕಾರಿಗೆ ಬೇಕಾಗಿರುವುದು ಜಾಗ, ದಿನ, ಹೊತ್ತು, ಎಷ್ಟು ಜನ, ಯಾರು ಜವಾಬ್ದಾರಿ ಎಂಬ ಐದು ಉತ್ತರಗಳು. ನಾನು ಬಳಸುವ ನಮೂನೆ ಹೀಗಿದೆ:

“ವಿಷಯ: ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಉಚಿತ ಓದಿನ ತರಗತಿ ನಡೆಸಲು ಅನುಮತಿ ಕೋರಿ. ಮಾನ್ಯರೇ, ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 11 ಗಂಟೆಯವರೆಗೆ, ಗ್ರಂಥಾಲಯದ ಕೆಲಸದ ಅವಧಿಯಲ್ಲಿಯೇ, ಮೇಲ್ವಿಚಾರಕರ ಸಮ್ಮುಖದಲ್ಲಿ, 8ರಿಂದ 12 ವರ್ಷದ ಗರಿಷ್ಠ 20 ಮಕ್ಕಳಿಗೆ ಕನ್ನಡ ಪುಸ್ತಕಗಳನ್ನು ಓದಿ ಹೇಳುವ ಮತ್ತು ಓದಿಸುವ ತರಗತಿಯನ್ನು ನಡೆಸಲು ಇಚ್ಛಿಸಿರುತ್ತೇವೆ. ಇದಕ್ಕೆ ಯಾವುದೇ ಶುಲ್ಕವನ್ನು ಪಡೆಯುವುದಿಲ್ಲ ಹಾಗೂ ಪಂಚಾಯಿತಿಯಿಂದ ಯಾವುದೇ ಹಣಕಾಸಿನ ನೆರವನ್ನು ಕೋರುವುದಿಲ್ಲ. ಮೊದಲು ಮೂರು ತಿಂಗಳ ಅವಧಿಗೆ ಅನುಮತಿ ನೀಡಿ, ಅನಂತರ ಪರಿಶೀಲಿಸಿ ಮುಂದುವರಿಸಬೇಕಾಗಿ ವಿನಂತಿ.”

ಕೆಳಗೆ ಇಬ್ಬರ ಸಹಿ ಇರಲಿ. ಒಬ್ಬರೇ ಸಹಿ ಮಾಡಿದ ಅರ್ಜಿ ಒಬ್ಬರ ಹವ್ಯಾಸದಂತೆ ಕಾಣುತ್ತದೆ. ‘ಮೂರು ತಿಂಗಳು’ ಎಂಬ ಮಾತು ಅಧಿಕಾರಿಯ ಅಂಜಿಕೆಯನ್ನು ಕಡಿಮೆ ಮಾಡುತ್ತದೆ. ಕಾಯಂ ಅನುಮತಿಗೆ ಸಹಿ ಹಾಕಲು ಹಿಂಜರಿಯುವವರು ಮೂರು ತಿಂಗಳಿಗೆ ಹಾಕುತ್ತಾರೆ. ‘ಕೆಲಸದ ಅವಧಿಯಲ್ಲಿಯೇ’ ಎಂಬ ಮಾತು ಮೇಲ್ವಿಚಾರಕರಿಗಾಗಿ. ಎರಡು ಪ್ರತಿ ಒಯ್ದು, ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಂಡು ಬರಬೇಕು. ಹತ್ತು ದಿನ ಉತ್ತರ ಬರದಿದ್ದರೆ ಆ ಪ್ರತಿಯನ್ನು ಹಿಡಿದುಕೊಂಡು ಮತ್ತೆ ಹೋಗಬೇಕು, ಫೋನ್ ಮಾಡಿದರೆ ಆಗುವುದಿಲ್ಲ.

ಐದನೆಯ ಹಂತ: ಉದ್ಘಾಟನೆ ಮಾಡದಿರುವುದು

ಇದನ್ನು ಬೇರೆಯೇ ಹಂತವೆಂದು ಬರೆಯಲು ಕಾರಣವಿದೆ. ಹಳ್ಳಿಯಲ್ಲಿ ನಮ್ಮ ಮೊದಲ ತರಗತಿಯ ದಿನ ಗೆಳೆಯರೊಬ್ಬರು ಉತ್ಸಾಹದಿಂದ ಬ್ಯಾನರ್ ಮಾಡಿಸಿದರು. ಬ್ಯಾನರ್ ಬಂದ ಮೇಲೆ ವೇದಿಕೆ ಬಂತು, ವೇದಿಕೆ ಬಂದ ಮೇಲೆ ಅದರ ಮೇಲೆ ಕೂರುವವರು ಬಂದರು. ಹನ್ನೊಂದು ಜನರಿಗೆ ಹಾರ, ಶಾಲು. ಸ್ವಾಗತ, ಪ್ರಾಸ್ತಾವಿಕ, ದೀಪ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ, ವಂದನೆ. ಹತ್ತು ಗಂಟೆಗೆ ಬಂದು ಜಮಖಾನೆಯ ಮೇಲೆ ಕುಳಿತ ಮಕ್ಕಳು ಮಧ್ಯಾಹ್ನ ಒಂದು ಗಂಟೆಯವರೆಗೆ ಕುಳಿತೇ ಇದ್ದರು. ಮುಂದಿನ ಸಾಲಿನ ಒಬ್ಬ ಹುಡುಗ ನಿದ್ದೆಯಲ್ಲಿ ಪಕ್ಕದವನ ತೊಡೆಯ ಮೇಲೆ ಉರುಳಿದ್ದ. ಅಂದು ಅರವತ್ತು ಮಕ್ಕಳು ಬಂದಿದ್ದರು, ಮುಂದಿನ ಭಾನುವಾರ ನಾಲ್ವರು. ಆ ಅರವತ್ತರ ಫೋಟೋ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಹಳ ದಿನ ಓಡಾಡಿತು.

ಹಿರಿಯರನ್ನು ಕರೆಯಲೇಬೇಕಾದ ಸಂದರ್ಭವಿದ್ದರೆ ಮೂರನೆಯ ತಿಂಗಳಿನ ಕೊನೆಗೆ ಕರೆಯಿರಿ. ಅಂದು ಮಕ್ಕಳೇ ಒಂದೊಂದು ಪುಟ ಓದಲಿ, ಅತಿಥಿಗಳು ಕೇಳಲಿ.

ಆರನೆಯ ಹಂತ: ಓದಿ ಹೇಳುವ ತರಗತಿಯ ಒಂದು ತಾಸು

ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಬೇಕು. ಸಾಲಾಗಿ ಕೂರಿಸಿದರೆ ಅದು ಶಾಲೆಯಾಗುತ್ತದೆ. ನೀವೂ ನೆಲದ ಮೇಲೆಯೇ ಕುಳಿತುಕೊಳ್ಳಿರಿ. ಬೆಳಕು ನಿಮ್ಮ ಬೆನ್ನಿನ ಕಡೆಯಿಂದ ಬಂದರೆ ಪುಸ್ತಕದ ಚಿತ್ರ ಅವರಿಗೆ ಕಪ್ಪಾಗಿ ಕಾಣುತ್ತದೆ, ಆದ್ದರಿಂದ ಕಿಟಕಿಗೆ ಮುಖ ಮಾಡಿ ಕೂರುವುದು ಉತ್ತಮ. ಪುಸ್ತಕವನ್ನು ಹಿಂದಿನ ರಾತ್ರಿ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಕೊಂಡಿರಬೇಕು. ಇದನ್ನು ತಪ್ಪಿಸಿದ ಪ್ರತಿ ಸಲವೂ ನಾನು ಮಕ್ಕಳ ಮುಂದೆ ತಡವರಿಸಿದ್ದೇನೆ.

ಮೊದಲ ಹದಿನೈದು ನಿಮಿಷ ನೀವು ಓದುತ್ತೀರಿ. ಪುಟ ಮುಗಿದ ಕೂಡಲೇ ಪುಸ್ತಕವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ ಎಲ್ಲರಿಗೂ ಚಿತ್ರ ತೋರಿಸಬೇಕು. ಅವಸರ ಮಾಡಿದರೆ ಕೊನೆಯಲ್ಲಿ ಕುಳಿತ ಮಗು ಎದ್ದು ಬರುತ್ತದೆ, ಅದರ ಹಿಂದೆ ಎಲ್ಲರೂ ಬರುತ್ತಾರೆ. ಪ್ರಶ್ನೆಗಳನ್ನು ಕೇಳಬಹುದು, ಆದರೆ ‘ಇದರಿಂದ ನೀವು ಕಲಿತ ನೀತಿ ಏನು’ ಎಂದು ಮಾತ್ರ ಕೇಳಬೇಡಿರಿ. ಆ ಪ್ರಶ್ನೆ ಬಂದೊಡನೆ ಮಕ್ಕಳ ಮುಖ ಪರೀಕ್ಷೆಯ ಮುಖವಾಗುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿಗೆ ತಯಾರಾಗಿರಬೇಕು. ಮಕ್ಕಳ ಪುಸ್ತಕಗಳ ಕನ್ನಡ ಬಹುಮಟ್ಟಿಗೆ ದಕ್ಷಿಣದ ಕನ್ನಡ. ಒಮ್ಮೆ ಒಂದು ಕತೆಯಲ್ಲಿ ಅಜ್ಜಿ ಪೊರಕೆ ಹಿಡಿದು ಬೆಕ್ಕನ್ನು ಓಡಿಸುತ್ತಿದ್ದಳು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಕೈ ಎತ್ತಿ, “ಪೊರಕೆ ಅಂದ್ರ ಏನ್ರೀ ಸರ?” ಎಂದಳು. ನಾನು ಬಾಯಿ ತೆರೆಯುವುದರೊಳಗೆ ಅವಳ ಅಣ್ಣ ಚಿತ್ರ ನೋಡಿ, “ಕಸಬರಗಿಲೇ ಅದು!” ಎಂದು ಕೂಗಿದ. ಇಡೀ ಜಮಖಾನೆ ನಕ್ಕಿತು. ಅಂದಿನಿಂದ ನಾವು ಒಂದು ಉದ್ದ ಹಾಳೆಯನ್ನು ಗೋಡೆಗೆ ಅಂಟಿಸಿ, ಎಡಕ್ಕೆ ‘ಪುಸ್ತಕದ ಮಾತು’, ಬಲಕ್ಕೆ ‘ನಮ್ಮ ಮಾತು’ ಎಂದು ಬರೆಯತೊಡಗಿದೆವು. ಕೊಡೆಯ ಎದುರಿಗೆ ಛತ್ರಿ ಬಂತು, ಅಮ್ಮನ ಎದುರಿಗೆ ಅವ್ವ. ಯಾವ ಪದವೂ ತಪ್ಪಲ್ಲ, ಎರಡೂ ನಮ್ಮವೇ ಎಂದು ಒಮ್ಮೆ ಹೇಳಿದರೆ ಸಾಕು. ಮಕ್ಕಳು ಪದ ಹುಡುಕುವ ಆಸೆಗಾಗಿಯೇ ಮುಂದಿನ ಪುಸ್ತಕ ತೆಗೆಯುತ್ತಾರೆ. ಹಾಳೆ ಎರಡು ತಿಂಗಳಲ್ಲಿ ನೆಲ ಮುಟ್ಟಿತು.

ಮುಂದಿನ ಇಪ್ಪತ್ತೈದು ನಿಮಿಷ ಮಕ್ಕಳು ಜೋಡಿಯಾಗಿ ಓದಬೇಕು, ಓದಲು ಬರುವ ಮಗು ಮತ್ತು ಇನ್ನೂ ಅಕ್ಷರ ಕೂಡಿಸುತ್ತಿರುವ ಮಗು ಒಟ್ಟಿಗೆ. ಐದನೆಯ ತರಗತಿಗೆ ಬಂದರೂ ಒತ್ತಕ್ಷರ ಓದಲು ಬಾರದ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಎಲ್ಲರ ಮುಂದೆ ಓದಿಸಬಾರದು. ಕೊನೆಯ ಇಪ್ಪತ್ತು ನಿಮಿಷ ಕಪಾಟಿಗೆ ಮೀಸಲು. ಪ್ರತಿ ಮಗುವೂ ತಾನೇ ಒಂದು ಪುಸ್ತಕ ಆರಿಸಿ, ಮೇಲ್ವಿಚಾರಕರ ಬಳಿ ಹೆಸರು ಬರೆಸಿ ಮನೆಗೆ ಒಯ್ಯಬೇಕು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ ಹಳ್ಳಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಗಿರುವುದರಿಂದ ಮೊದಲ ವಾರವೇ ಎಲ್ಲರನ್ನೂ ಸದಸ್ಯರನ್ನಾಗಿ ಮಾಡಿಸಿಬಿಡಬಹುದು. ನಗರದ ಶಾಖೆಗಳಲ್ಲಿ ಠೇವಣಿಯ ನಿಯಮ ಬೇರೆ ಇರುತ್ತದೆ. ಅದನ್ನು ಕೌಂಟರಿನಲ್ಲಿ ಮೊದಲೇ ಕೇಳಿ ಪಾಲಕರಿಗೆ ತಿಳಿಸಿರಿ.

ಪುಸ್ತಕ ಹರಿದರೆ ಬಯ್ಯಬೇಡಿರಿ. ಮೈದಾ ಅಂಟು, ತೆಳು ಕಾಗದ, ಕತ್ತರಿ ಇಟ್ಟುಕೊಂಡು ತಿಂಗಳಿಗೊಮ್ಮೆ ಮಕ್ಕಳಿಂದಲೇ ರಿಪೇರಿ ಮಾಡಿಸಿರಿ.

ಏಳನೆಯ ಹಂತ: ಮೊಬೈಲ್ ತರಗತಿ

ಹೆಣ್ಣುಮಕ್ಕಳು ಗ್ರಂಥಾಲಯದ ಹೊಸ್ತಿಲು ದಾಟಲು ನಮ್ಮಲ್ಲಿ ಕಾರಣವಾದದ್ದು ಪುಸ್ತಕವಲ್ಲ, ಗೃಹಲಕ್ಷ್ಮಿಯ 2,000 ರೂಪಾಯಿ. ಹಣ ಜಮೆಯಾಯಿತೋ ಇಲ್ಲವೋ ಎಂದು ತಿಳಿಯಲು ಪ್ರತಿ ತಿಂಗಳು ಮಗನನ್ನೋ ಅಂಗಡಿಯವನನ್ನೋ ಕೇಳಬೇಕಾಗಿತ್ತು. ಆದ್ದರಿಂದ ಮೊದಲ ಪಾಠವೇ ಬ್ಯಾಂಕಿನ ಸಂದೇಶವನ್ನು ಹುಡುಕಿ, ಅದರಲ್ಲಿ ಜಮೆ ಯಾವುದು, ಖರ್ಚು ಯಾವುದು, ಉಳಿದದ್ದು ಎಷ್ಟು ಎಂಬ ಮೂರನ್ನು ಗುರುತಿಸುವುದು. ಸಂದೇಶ ಇಂಗ್ಲಿಷಿನಲ್ಲಿರುತ್ತದೆ, ಜಮೆಗೂ ಖರ್ಚಿಗೂ ಬರುವ ಎರಡು ಪದಗಳನ್ನು ಚಿತ್ರದಂತೆ ಗುರುತಿಸಲು ಕಲಿಸಿದರೆ ಸಾಕು, ಅಕ್ಷರ ಬಾರದವರೂ ಒಂದೇ ತಾಸಿನಲ್ಲಿ ಕಲಿಯುತ್ತಾರೆ. ಅದಕ್ಕೂ ಮೊದಲು ಫೋನಿನ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಡಿರಿ. ಅರ್ಧ ಜನರ ತೊಂದರೆ ತಿಳಿಯದಿರುವುದಲ್ಲ, ಕಾಣದಿರುವುದು.

ಎರಡನೆಯ ಪಾಠ ಮೋಸದ್ದು. ಓಟಿಪಿಯನ್ನು ಯಾರಿಗೂ ಹೇಳಬಾರದು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಬೇರೆಯೇ: ಫೋನ್‌ಪೇ, ಗೂಗಲ್ ಪೇಗಳಲ್ಲಿ ಹಣ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ‘ನಿಮಗೆ ಹಣ ಕಳಿಸಿದ್ದೇನೆ, ಪಿನ್ ಒತ್ತಿ ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಅದು ಮೋಸ. ಮೋಸವಾಗಿಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಈ ಸಂಖ್ಯೆಯನ್ನು ಪ್ರತಿಯೊಬ್ಬರ ಫೋನಿನಲ್ಲಿಯೂ ಅವರ ಕೈಯಿಂದಲೇ ಉಳಿಸಿಸಬೇಕು.

ಅವರ ಕೈಯಿಂದಲೇ ಎಂಬುದು ಈ ತರಗತಿಯ ಕಟ್ಟುನಿಟ್ಟಿನ ನಿಯಮ. ಕಲಿಸುವವರು ಯಾರ ಫೋನನ್ನೂ ತಮ್ಮ ಕೈಗೆ ತೆಗೆದುಕೊಳ್ಳಬಾರದು. ತೋರುಬೆರಳಿನಿಂದ ತೋರಿಸಬಹುದು, ಮುಟ್ಟಬಾರದು. ಪಿನ್ ಹಾಕುವ ಹೊತ್ತಿನಲ್ಲಿ ಮುಖ ಬೇರೆ ಕಡೆಗೆ ತಿರುಗಿಸಬೇಕು. ಎರಡನೆಯ ವಾರ ಅರವತ್ತು ದಾಟಿದ ಒಬ್ಬ ತಾಯಿ ಬೆರಳನ್ನು ಪರದೆಯ ಮೇಲೆ ಗಾಳಿಯಲ್ಲಿಯೇ ಹಿಡಿದುಕೊಂಡು, “ತಮ್ಮಾ, ಇದನ್ನ ಒತ್ತಿದ್ರ ರೊಕ್ಕ ಹೋಗೂದಿಲ್ಲ ಹೌದಲ್ಲೋ?” ಎಂದು ಮೂರು ಸಲ ಕೇಳಿದರು. ಒತ್ತಿ ಕೊಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಕಾದು ಕುಳಿತೆವು, ನಾಲ್ಕು ನಿಮಿಷವಾಯಿತು, ಅವರೇ ಒತ್ತಿದರು. ಮುಂದಿನ ವಾರ ಪಕ್ಕದ ಮನೆಯವರನ್ನು ಕರೆತಂದು ಅವರಿಗೆ ತಾವೇ ಕಲಿಸುತ್ತಿದ್ದರು.

ಇಲ್ಲಿಂದ ಕಪಾಟಿಗೆ ದಾರಿ ಹೇಗೆ ಎಂದು ಕೇಳಬಹುದು. ತರಗತಿಯ ಮೇಜಿನ ಮೇಲೆ ಅಡುಗೆ, ಹೊಲಿಗೆ, ಮನೆಮದ್ದು, ದೊಡ್ಡ ಅಕ್ಷರದ ಕತೆಗಳು, ಶರಣರ ವಚನಗಳು ಮೊದಲಾದ ಪುಸ್ತಕಗಳನ್ನು ಸುಮ್ಮನೆ ಇಟ್ಟಿರಬೇಕು, ಅವುಗಳ ಬಗ್ಗೆ ಭಾಷಣ ಮಾಡಬಾರದು. ನೆಟ್‌ವರ್ಕ್ ಹೋದಾಗ ಜನ ಅವುಗಳನ್ನು ತಿರುವುತ್ತಾರೆ, ಮತ್ತು ನಮ್ಮಲ್ಲಿ ನೆಟ್‌ವರ್ಕ್ ಹೋಗುತ್ತಲೇ ಇರುತ್ತದೆ. ಪಕ್ಕದ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸಾಮಾನ್ಯ ಸರಕಾರಿ ಬಸ್ಸು ಉಚಿತ. ತರಗತಿಯ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿಕೊಳ್ಳಿರಿ.

ಎಂಟನೆಯ ಹಂತ: ಮಕ್ಕಳ ಸುರಕ್ಷತೆ

ಇದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳ ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಬಾಗಿಲು ತೆರೆದೇ ಇರಬೇಕು. ಪಾಲಕರ ಸಹಿಯುಳ್ಳ ಒಪ್ಪಿಗೆ ಚೀಟಿ ಇಲ್ಲದೆ ಫೋಟೋ ತೆಗೆಯಬಾರದು, ತೆಗೆದರೂ ಹೆಸರು ಹಾಕಿ ಹಂಚಬಾರದು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆದು ಅಂಟಿಸಿರಿ.

ಒಂಬತ್ತನೆಯ ಹಂತ: ಊರಿಗೆ ತಿಳಿಸುವುದು ಮತ್ತು ಲೆಕ್ಕ ಇಡುವುದು

ಪ್ರಚಾರಕ್ಕೆ ಖರ್ಚು ಬೇಡ. ಹಿಟ್ಟಿನ ಗಿರಣಿ, ಹಾಲಿನ ಡೈರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಈ ನಾಲ್ಕು ಕಡೆ ಕೈಬರಹದ ಚೀಟಿ ಅಂಟಿಸಿದರೆ ಇಡೀ ಊರಿಗೆ ತಲುಪುತ್ತದೆ. ಗಿರಣಿಯಲ್ಲಿ ಪಾಳಿ ಕಾಯುವವರಿಗೆ ಓದಲು ಬೇರೇನೂ ಇರುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಐದು ನಿಮಿಷ ಕೇಳಿ ಮಾತಾಡಿರಿ.

ಲೆಕ್ಕಕ್ಕೆ ಒಂದು ರಜಿಸ್ಟರ್ ಸಾಕು. ದಿನಾಂಕ, ಹೆಸರು, ವಯಸ್ಸು, ಸಹಿ ಅಥವಾ ಹೆಬ್ಬೆಟ್ಟು, ಮತ್ತು ಕೊನೆಯ ಕಾಲಮ್ಮಿನಲ್ಲಿ ‘ಒಯ್ದ ಪುಸ್ತಕ’. ಹಾಜರಿಯ ಸಂಖ್ಯೆಗಿಂತ ಈ ಕೊನೆಯ ಕಾಲಮ್ಮನ್ನೇ ನಾನು ನಂಬುತ್ತೇನೆ. ಇಪ್ಪತ್ತು ಜನ ಬಂದು ಇಬ್ಬರು ಪುಸ್ತಕ ಒಯ್ದರೆ ತರಗತಿಯಲ್ಲಿ ಏನೋ ತಪ್ಪಿದೆ. ಎಂಟೇ ಜನ ಬಂದು ಎಂಟೂ ಜನ ಒಯ್ದರೆ ಚಿಂತೆಯಿಲ್ಲ. ಮೂರನೆಯ ತಿಂಗಳು ಅನುಮತಿ ಮುಂದುವರಿಸಲು ಹೋದಾಗ ಈ ಕಾಲಮ್ಮಿನ ಮೊತ್ತವನ್ನು ಅರ್ಜಿಯಲ್ಲಿ ಬರೆಯಿರಿ, ಏಕೆಂದರೆ ಪುಸ್ತಕ ವಿತರಣೆ ಗ್ರಂಥಾಲಯದ ಸ್ವಂತ ಲೆಕ್ಕಕ್ಕೂ ಸೇರುತ್ತದೆ ಮತ್ತು ಮೇಲ್ವಿಚಾರಕರಿಗೂ ಅದರಿಂದ ಒಳ್ಳೆಯ ಹೆಸರು ಬರುತ್ತದೆ.

ಹಣವನ್ನು ಮಾತ್ರ ಸಂಗ್ರಹಿಸಬೇಡಿರಿ, ಹತ್ತು ರೂಪಾಯಿಯನ್ನೂ ಸಹ. ಕೊಡಲು ಬಂದವರಿಂದ ವಸ್ತುವಿನ ರೂಪದಲ್ಲಿ ಪಡೆದು ಗ್ರಂಥಾಲಯದ ದಾಸ್ತಾನಿನಲ್ಲಿ ಬರೆಸಿರಿ. ಪುಸ್ತಕದಾನದ ವಿಷಯದಲ್ಲಿ ಸ್ವಲ್ಪ ನಿಷ್ಠುರರಾಗಬೇಕು. ಮನೆ ಖಾಲಿ ಮಾಡುವವರು ಹಳೆಯ ಗೈಡುಗಳನ್ನೂ ಅವಧಿ ಮುಗಿದ ಡೈರಿಗಳನ್ನೂ ಚೀಲಗಟ್ಟಲೆ ತಂದು ಸುರಿಯುತ್ತಾರೆ.

ಹತ್ತನೆಯ ಹಂತ: ಊರಿನ ಹಾಡುಗಳ ಪುಸ್ತಕ

ತರಗತಿಗಳು ನೆಲೆಗೊಂಡ ಮೇಲೆ ಇಡೀ ಊರು ಸೇರುವಂಥ ಒಂದು ಚಟುವಟಿಕೆ ಬೇಕಾಗುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನವಾಗಿ ಆಚರಿಸುವ ಆಗಸ್ಟ್ 12ರ ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ, ಇವೆಲ್ಲ ಕ್ಯಾಲೆಂಡರಿನಲ್ಲಿವೆ; ರಸಪ್ರಶ್ನೆ, ಪ್ರಬಂಧ ಸ್ಪರ್ಧೆಗಳನ್ನು ಆಗ ನಡೆಸಬಹುದು. ಗದಗದಂಥ ಊರಿನಲ್ಲಿ, ಕುಮಾರವ್ಯಾಸ ಒರಗಿ ಕುಳಿತು ಬರೆದನೆಂದು ಜನ ತೋರಿಸುವ ಕಂಬ ವೀರನಾರಾಯಣ ಗುಡಿಯಲ್ಲಿರುವಾಗ, ಗಮಕಿಗಳನ್ನು ಕರೆದು ಒಂದು ಸಂಜೆ ಓದಿಸದಿರುವುದೇ ಕಷ್ಟ. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಹಾಡು ಬರೆದಿಡುವ ಕೆಲಸ.

ಬೀಸುಕಲ್ಲಿನ ಪದ, ಸೋಬಾನದ ಪದ, ಡೊಳ್ಳಿನ ಹಾಡು, ಮೊಹರಮ್ಮಿನ ರಿವಾಯತ್ ಪದ, ಇವುಗಳನ್ನು ಬಲ್ಲವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಎಂಟು-ಒಂಬತ್ತನೆಯ ತರಗತಿಯ ಮಕ್ಕಳನ್ನು ಮೂವರ ತಂಡಗಳಾಗಿ ಮಾಡಿ, ಒಬ್ಬರು ಕೇಳಲು, ಒಬ್ಬರು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲು, ಒಬ್ಬರು ಬರೆದುಕೊಳ್ಳಲು ಎಂದು ಕೆಲಸ ಹಂಚಬೇಕು. ಹಾಡುವವರ ಒಪ್ಪಿಗೆಯನ್ನು ಮೊದಲೇ ಕೇಳಬೇಕು, ಅವರ ಬಿಡುವು ನೋಡಿಕೊಂಡು ಹೋಗಬೇಕು. ಮುಂಗಾರಿನ ಬಿತ್ತನೆಯಲ್ಲಿಯೂ ಸುಗ್ಗಿಯಲ್ಲಿಯೂ ಯಾರಿಗೂ ಹಾಡುವ ಪುರಸೊತ್ತು ಇರುವುದಿಲ್ಲ. ಬರೆಯುವಾಗ ಮಕ್ಕಳು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಲು ಹೋಗುತ್ತಾರೆ. ‘ಹೋಗೂಣು’ ಎಂದು ಹಾಡಿದ್ದನ್ನು ‘ಹೋಗೋಣ’ ಎಂದು ಬರೆದ ಹುಡುಗನಿಗೆ ಅವನ ಅಜ್ಜಿಯೇ, “ನಾ ಹಂಗ ಅಂದೇ ಇಲ್ಲಲ್ಲೋ” ಎಂದಳು. ಹಾಡಿದಂತೆಯೇ ಬರೆಯುವುದು ನಿಯಮ.

ಬರೆದ ಹಾಳೆಗಳನ್ನು ಸೇರಿಸಿ, ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು ಬರೆದು, ಬೈಂಡ್ ಮಾಡಿಸಿ, ಬೇರೆ ಪುಸ್ತಕಗಳಂತೆಯೇ ಅದಕ್ಕೂ ದಾಖಲಾತಿ ಸಂಖ್ಯೆ ಕೊಡಿಸಿ ಕಪಾಟಿನಲ್ಲಿ ಇಡಿಸಬೇಕು. ಹಾವೇರಿ ಜಿಲ್ಲೆಯವರು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದವರನ್ನು ಸಂಪರ್ಕಿಸಿ ದಾಖಲಿಸುವ ಕ್ರಮದ ಬಗ್ಗೆ ಸಲಹೆ ಕೇಳಬಹುದು. ನಮ್ಮ ಹಳ್ಳಿಯಲ್ಲಿ ಆ ಬೈಂಡು ಪುಸ್ತಕದ ಹೊರಹೊದಿಕೆ ಈಗಾಗಲೇ ಒಮ್ಮೆ ಬದಲಾಗಿದೆ.

ಹನ್ನೊಂದನೆಯ ಹಂತ: ಆರನೆಯ ತಿಂಗಳು

ಐದನೆಯ ತಿಂಗಳಿನಲ್ಲಿ ಬೇಕೆಂದೇ ಎರಡು ಭಾನುವಾರ ನೀವು ಹೋಗದೆ ಉಳಿಯಿರಿ. ಅರ್ಜಿಗೆ ಸಹಿ ಮಾಡಿದ ಇನ್ನೊಬ್ಬರು ತರಗತಿ ನಡೆಸಲಿ. ನಾನು ಹುಬ್ಬಳ್ಳಿಯಲ್ಲಿ ಇದನ್ನು ಮಾಡಲಿಲ್ಲ. ಒಂದು ವರ್ಷ ಒಂದು ಭಾನುವಾರವೂ ತಪ್ಪಿಸದೆ ಹೋದೆ, ಅನಂತರ ಕೆಲಸದ ನಿಮಿತ್ತ ಊರು ಬಿಟ್ಟೆ, ತರಗತಿ ಆ ತಿಂಗಳೇ ನಿಂತಿತು. ಹಳ್ಳಿಯಲ್ಲಿ ಎರಡನೆಯವರಾಗಿ ಬಂದವರು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ, ಮೊದಲು ತಮ್ಮನನ್ನು ಕರೆದೊಯ್ಯಲು ಬಂದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದವಳು.

ಅವಳಿಗೆ ನಾನು ಒಪ್ಪಿಸಿದ ವಸ್ತುಗಳ ಪಟ್ಟಿ ಚಿಕ್ಕದು: ರಜಿಸ್ಟರ್, ಒಪ್ಪಿಗೆ ಚೀಟಿಗಳ ಕಡತ, ಸೀಲು ಬಿದ್ದ ಅರ್ಜಿಯ ಪ್ರತಿ, ಅಂಟಿನ ಡಬ್ಬಿ, ಮತ್ತು ಗೋಡೆಯಿಂದ ಬಿಚ್ಚಿ ಸುತ್ತಿಟ್ಟ ಆ ಪದಗಳ ಹಾಳೆ. ಮುಂದಿನ ಭಾನುವಾರ ಅವಳು ಹಳೆಯ ಹಾಳೆಯ ಪಕ್ಕದಲ್ಲಿ ಹೊಸದೊಂದನ್ನು ಅಂಟಿಸಿ, ಮಕ್ಕಳ ಕೈಗೆ ಸೀಮೆಸುಣ್ಣದ ಬದಲು ಸ್ಕೆಚ್ ಪೆನ್ ಕೊಟ್ಟಳು. ಆ ಖರ್ಚನ್ನು ಯಾರು ಕೊಟ್ಟರೆಂದು ದಾಸ್ತಾನಿನಲ್ಲಿ ಬರೆಸಲು ಮಾತ್ರ ಅವಳಿಗೆ ನೆನಪಿಸಬೇಕಾಯಿತು.